ಏಕಾಂತ ಸೆರೆ: ಹದಿನಾಲ್ಕು ದಿನದ ಮಿತಿ ಕೈದಿಯ ಮನಸ್ಸನ್ನು ಕಾಯುತ್ತದೆಯೇ?

ಪ್ರಶ್ನೆ (ಕಾನೂನು ವಿದ್ಯಾರ್ಥಿ):
ನ್ಯಾಯಾಲಯ ವಿಧಿಸುವ ಏಕಾಂತ ಸೆರೆ ಒಟ್ಟು ಮೂರು ತಿಂಗಳನ್ನೂ, ಒಂದು ಸಲಕ್ಕೆ 14 ದಿನಗಳನ್ನೂ ಮೀರಬಾರದೆಂದು ಹಳೆಯ ದಂಡ ಸಂಹಿತೆಯ 73 ಮತ್ತು 74ನೇ ಕಲಂಗಳು ಹೇಳುತ್ತಿದ್ದವು. ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಹೀಗಿದ್ದೂ ಬೆಳಗಾವಿ ಜೈಲಿನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನನ್ನು 2006ರಿಂದ ವರ್ಷಗಟ್ಟಲೆ ಒಂಟಿಯಾಗಿ ಇಟ್ಟದ್ದು ಹೇಗೆ? ಅಂಥವನ ಮನಸ್ಸಿಗೆ ಏನಾಗುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ವಕೀಲೆ):
ನೀವು ಹೇಳಿದ ಮಿತಿ ಶಿಕ್ಷೆಯ ರೂಪದ ಏಕಾಂತಕ್ಕೆ ಮಾತ್ರ. ಗಲ್ಲು ಶಿಕ್ಷೆಯಾದವನನ್ನು ಪ್ರತ್ಯೇಕ ಸೆಲ್‌ನಲ್ಲಿಡಲು ಜೈಲಿನವರು ಮುಂದೆ ಮಾಡುವುದು 1894ರ ಕಾರಾಗೃಹ ಕಾಯ್ದೆಯ 30ನೇ ಕಲಮನ್ನು. ಹೆಸರು ಬದಲಾದರೆ ಮಿತಿಯೂ ಮಾಯ! ಕ್ಷಮಾದಾನದ ಬಾಗಿಲು ಮುಚ್ಚಿ ಶಿಕ್ಷೆ ಅಂತಿಮವಾಗುವವರೆಗೆ ಈ ಕಲಂ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 1978ರಲ್ಲೇ, ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿತ್ತು. ಬೆಳಗಾವಿಯ ಕೈದಿಯ ಅರ್ಜಿಯನ್ನು ರಾಷ್ಟ್ರಪತಿಗಳು ತಿರಸ್ಕರಿಸಿದ್ದು 2013ರಲ್ಲಿ. ಅದಕ್ಕೆ ಮೊದಲಿನ ಏಕಾಂತಕ್ಕೆ ಕಾನೂನಿನ ಆಧಾರವಿರಲಿಲ್ಲವೆಂದೂ ಅದು ಅವನ ಸ್ವಾಸ್ಥ್ಯವನ್ನು ಕೆಡಿಸಿತೆಂದೂ ಕಂಡುಕೊಂಡ ನ್ಯಾಯಾಲಯ, 2022ರ ನವೆಂಬರ್‌ನಲ್ಲಿ ಗಲ್ಲನ್ನು ಕನಿಷ್ಠ 30 ವರ್ಷಗಳ ಸೆರೆಗೆ ಇಳಿಸಿತು. ಅಪರಾಧ ಘೋರವೇ ಆಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

ಉತ್ತರ (ಮನೋವೈದ್ಯ):
ಅಮೆರಿಕದ ಮನೋವೈದ್ಯ ಸ್ಟುವರ್ಟ್ ಗ್ರಾಸಿಯನ್ 1983ರಲ್ಲಿ ಮ್ಯಾಸಚೂಸೆಟ್ಸ್‌ನ ಒಂಟಿ ಸೆಲ್‌ಗಳಲ್ಲಿದ್ದ 14 ಕೈದಿಗಳ ಬಗ್ಗೆ ಬರೆದ ಲೇಖನದಲ್ಲಿ, ಸಣ್ಣ ಸದ್ದನ್ನೂ ಸಹಿಸಲಾಗದಿರುವುದು, ಇಲ್ಲದ್ದು ಕಾಣುವುದು ಕೇಳುವುದು, ಹಠಾತ್ ದಿಗಿಲು, ಗಮನ ನಿಲ್ಲದಿರುವುದು, ಯಾರೋ ಕೇಡು ಬಗೆಯುತ್ತಿದ್ದಾರೆಂಬ ಸಂಶಯ ಇವೆಲ್ಲ ಒಟ್ಟಿಗೆ ಕಾಣಿಸಿಕೊಂಡದ್ದನ್ನು ದಾಖಲಿಸಿದ್ದಾರೆ. ನಾನು ಹಿಂದೆ ಜೈಲೊಂದಕ್ಕೆ ವಾರಕ್ಕೊಮ್ಮೆ ಹೋಗುತ್ತಿದ್ದಾಗ, ತಿಂಗಳುಗಟ್ಟಲೆ ಒಬ್ಬನೇ ಇದ್ದು ಬ್ಯಾರಕ್‌ಗೆ ಮರಳಿದ್ದವನೊಬ್ಬ ಊಟದ ತಟ್ಟೆಯನ್ನು ಮೂಲೆಗೆ ಒಯ್ದು, ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಬಾಗಿಲು ತೆರೆದೇ ಇದ್ದರೂ ‘ನಡಿ’ ಎಂದು ಯಾರಾದರೂ ಹೇಳುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ. ಸೆಲ್‌ನೊಳಗಿನ ನರಳಾಟಕ್ಕಿಂತ ಈ ಮರಳಿದ ಮೇಲಿನ ಪಾಡೇ ನನಗೆ ಹೆಚ್ಚು ಗಂಭೀರವೆನಿಸುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ 14 ದಿನ ಅಪಾಯವಿಲ್ಲವೆನ್ನಬಹುದೇ?

ಉತ್ತರ (ಮನೋವೈದ್ಯ):
ಎನ್ನಲಾಗದು. ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಮನುಷ್ಯ ಸಂಪರ್ಕವಿಲ್ಲದೆ 15 ದಿನ ದಾಟಿಸುವುದನ್ನು ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು ನಿಷೇಧಿಸುತ್ತವೆ. ಅದು ಆಡಳಿತಕ್ಕೆ ಹಾಕಿದ ಗೆರೆ, ವೈದ್ಯರು ಅಳೆದು ಕೊಟ್ಟದ್ದಲ್ಲ. ಮೊದಲೇ ಮಾನಸಿಕ ಕಾಯಿಲೆಯಿದ್ದವನು ಮೂರನೇ ದಿನಕ್ಕೇ ಕುಸಿಯಬಹುದು. ಬಿಡುಗಡೆಯ ದಿನ ಗೊತ್ತಿದ್ದವನು ದಿನಗಳನ್ನು ಎಣಿಸಿಯಾದರೂ ತಾಳಿಕೊಳ್ಳುತ್ತಾನೆ. ಬೆಳಗಾವಿಯವನಿಗೆ ಎಣಿಸಲು ಯಾವ ತಾರೀಖೂ ಇರಲಿಲ್ಲ.