ಬಯೋಗ್ಯಾಸ್ ಶುದ್ಧ ಮಾಡಿ ಪೈಪ್‌ಲೈನ್‌ಗೆ ಮಾರಿದರೆ ಗಿಟ್ಟುತ್ತಾ?

ಹಟ್ಟಿಯವ:
ನಮ್ಮ ಡೈಜೆಸ್ಟರ್‌ನಿಂದ (ಸಗಣಿಯನ್ನು ಬೆಚ್ಚಗಿಟ್ಟು ಕೊಳೆಸುವ ಮುಚ್ಚಿದ ತೊಟ್ಟಿ) ಗಂಟೆಗೆ 60 ಘನ ಮೀಟರ್ ಗ್ಯಾಸ್ ಬರುತ್ತದೆ, ಬರೀ ಸಗಣಿಯದ್ದು. ಈಗ ಎಂಜಿನ್ ಓಡಿಸಿ ಕರೆಂಟ್ ಮಾರುತ್ತಿದ್ದೇವೆ. ಮೊನ್ನೆ ಯಂತ್ರ ಮಾರುವವರೊಬ್ಬರು ಬಂದು, ಇದನ್ನೇ ಶುದ್ಧ ಮಾಡಿ ನೈಸರ್ಗಿಕ ಅನಿಲದ ಪೈಪ್‌ಲೈನ್‌ಗೆ ಬಿಟ್ಟರೆ ಆದಾಯ ದುಪ್ಪಟ್ಟು ಅಂತ ಹೇಳಿ ಹೋದರು. ಪೈಪ್‌ಲೈನ್ 4 ಕಿಲೋಮೀಟರ್ ದೂರ. ನಿಜವಾ, ಇಲ್ಲ ಸುಮ್ನೆ ಆಸೆ ತೋರಿಸುತ್ತಿದ್ದಾರಾ?

ಮೀಟರ್‌ಕಣ್ಣು:
60 ತೀರಾ ಚಿಕ್ಕದು. ಅದರಲ್ಲಿ ಮೀಥೇನ್ ಶೇ. 55–60, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದನ್ನು ತೆಗೆದರೆ ಮಾರಲು ಸಿಗುವುದು ಸುಮಾರು 35 ಘನ ಮೀಟರ್. ಮೆಂಬ್ರೇನ್ (ಗ್ಯಾಸ್ ಸೋಸುವ ಪೊರೆ) ಹಾಕಿ, ನೀರಿನಲ್ಲಿ ತೊಳೆಯಿರಿ, ಏನೇ ಮಾಡಿ, ಕಂಪ್ರೆಸರ್, ಗುಣಮಟ್ಟ ಅಳೆಯುವ ಉಪಕರಣ, ಜೋಡಣೆ ಎಲ್ಲದರ ಖರ್ಚು 600 ಘನ ಮೀಟರ್‌ನವರಿಗೆ ನಿಮ್ಮ ಹತ್ತು ಪಟ್ಟು ಆಗುವುದಿಲ್ಲ. ಆ 4 ಕಿಲೋಮೀಟರ್ ಅಗೆಯುವ ಕೆಲಸವಂತೂ ಇಬ್ಬರಿಗೂ ಒಂದೇ. ಇದರ ಮೇಲೆ ಪ್ರತಿ ಘನ ಮೀಟರ್ ಗ್ಯಾಸ್ ತೊಳೆಯಲು 0.2–0.3 ಯೂನಿಟ್ ಕರೆಂಟ್ ಬೇಕು.

ತುಕ್ಕುಹಿಡಿದವ:
ಎಂಜಿನ್ ತೆಗೆದರೆ ಡೈಜೆಸ್ಟರ್ ಬಿಸಿ ಮಾಡೋದು ಯಾವುದರಿಂದ? ಈಗ ಎಂಜಿನ್ ಶಾಖ ಪುಕ್ಕಟೆ ಸಿಗುತ್ತಿದೆ, ಆಮೇಲೆ ನಿಮ್ಮದೇ ಗ್ಯಾಸ್ ಸುಡಬೇಕು. ನನಗೆ ಕೊಟ್ಟ ಕೊಟೇಶನ್‌ನಲ್ಲಿ ಈ ಸಾಲೇ ಇರಲಿಲ್ಲ. ಗ್ಯಾಸ್‌ನಲ್ಲಿರುವ, ಯಂತ್ರಕ್ಕೆ ತುಕ್ಕು ಹಿಡಿಸುವ ಹೈಡ್ರೋಜನ್ ಸಲ್ಫೈಡ್ ಹಿಡಿಯುವ ಕಾರ್ಬನ್ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು ಅಂದಿದ್ದರು, ನಾಲ್ಕು ತಿಂಗಳಿಗೇ ಮುಗಿಯಿತು!

ಲೆಕ್ಕದಪುಸ್ತಕ:
ಇಬ್ಬರೂ ಹೇಳಿದ್ದು ಸರಿ, ಆದರೆ "ದುಪ್ಪಟ್ಟು" ಅನ್ನೋದು ಗ್ಯಾಸ್ ಬೆಲೆಯಿಂದ ಬಂದ ಮಾತಲ್ಲ, ಕಾರ್ಬನ್ ಕ್ರೆಡಿಟ್‌ನಿಂದ ಬಂದದ್ದು. ತೆರೆದ ಹೊಂಡದಲ್ಲಿ ಬಿಟ್ಟ ಸಗಣಿಯಿಂದ ಮೀಥೇನ್ ಗಾಳಿಗೆ ಹೋಗುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ, ಅದನ್ನು ತಡೆದಿದ್ದಕ್ಕೆ ಕೊಡುವ ದುಡ್ಡು ಅದು. ಕ್ಯಾಲಿಫೋರ್ನಿಯಾದಲ್ಲಿ ಹೈನುಗಾರಿಕೆಯ ಗ್ಯಾಸ್ ಓಡಿದ್ದೇ ಹೀಗೆ, ಗ್ಯಾಸ್‌ಗಿಂತ ಕ್ರೆಡಿಟ್ಟೇ ಜಾಸ್ತಿ ದುಡ್ಡು ತರುತ್ತಿತ್ತು. 2020ರಲ್ಲಿ ತಡೆದ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಟನ್ನಿಗೆ 200 ಡಾಲರ್ ಹತ್ತಿರ ಇದ್ದ ಕ್ರೆಡಿಟ್ 2024ರಲ್ಲಿ 100ಕ್ಕಿಂತ ಕೆಳಗಿತ್ತು. ಸಾಲದ ಕಂತು ಮಾತ್ರ ಇಳಿಯುವುದಿಲ್ಲ, ಅಲ್ವಾ? ಕ್ರೆಡಿಟ್ ಸೊನ್ನೆ ಅಂತ ಹಾಕಿ ಒಮ್ಮೆ ಲೆಕ್ಕ ಮಾಡಿ ನೋಡಿ. ಅಕ್ಕಪಕ್ಕದ ಐದಾರು ಹಟ್ಟಿಗಳು ಗ್ಯಾಸ್ ಒಂದೇ ಕಡೆ ತಂದು ಶುದ್ಧ ಮಾಡುವ ಹಾಗಿದ್ದರೆ ಆಗ ಮಾತು ಬೇರೆ.

ಹಟ್ಟಿಯವ:
ಬಿಸಿ ಮಾಡುವ ವಿಷಯ ನನಗೂ ಹೊಳೆದಿರಲಿಲ್ಲ. ಕೊಟೇಶನ್ ತೆಗೆದು ನೋಡಿದೆ, ಅದರಲ್ಲೂ ಇಲ್ಲ. ಪಕ್ಕದ ಇಬ್ಬರ ಹತ್ತಿರ ಡೈಜೆಸ್ಟರ್ ಇದೆ, ಮೊದಲು ಅವರನ್ನು ಕೇಳುತ್ತೇನೆ.