ಬೇರೆ ದೇಶ ಬೇಕು ಅಂತ ಹೊರಟವರೇ ಒಳಗೊಳಗೆ ಒಡೆಯೋದ್ಯಾಕೆ? ಕಿರುಪ್ರಬಂಧಕ್ಕೆ ದಾರಿ ತೋರಿಸಿ

ತೋಳಹುಣಸೆ_ಪಿಜಿ (ದಾವಣಗೆರೆ)

ಎಂ.ಎ. ರಾಜ್ಯಶಾಸ್ತ್ರದ ಕಿರುಪ್ರಬಂಧ. ವಿಷಯ: ಪ್ರತ್ಯೇಕತಾವಾದಿ ಚಳವಳಿಯೊಳಗಿನ ಜನಾಂಗೀಯ ಅಪನಂಬಿಕೆ, ಮತ್ತು ಒಂದಾಗಲು ಅವರೇ ಮಾಡಿದ ಪ್ರಯತ್ನಗಳು. ದಕ್ಷಿಣ ಸುಡಾನ್ ಆರಿಸಿಕೊಂಡಿದ್ದೇನೆ. ಆದರೆ ಎಲ್ಲಿ ಓದಿದರೂ ಅದೇ ನಾಲ್ಕು ಸಾಲು: ಡಿಂಕಾ–ನುಯೆರ್ ಎಂಬ ಎರಡು ದೊಡ್ಡ ಬುಡಕಟ್ಟುಗಳ ಹಳೇ ದ್ವೇಷ, 1991ರಲ್ಲಿ ಎಸ್‌ಪಿಎಲ್‌ಎ (ದಕ್ಷಿಣದ ಬಂಡಾಯ ಸೇನೆ) ಒಡೆಯಿತು, 2002ರಲ್ಲಿ ಕೂಡಿತು, 2011ರಲ್ಲಿ ಸ್ವಾತಂತ್ರ್ಯ, 2013ರಲ್ಲಿ ಮತ್ತೆ ಹೊಡೆದಾಟ.

ಹಳೇ ದ್ವೇಷವೇ ಕಾರಣ ಅನ್ನುವುದಾದರೆ 2011ರ ಜನಮತದಲ್ಲಿ 98.83% ಮಂದಿ ಬೇರೆಯಾಗೋಣ ಅಂತ ಒಂದೇ ಕಡೆ ಹೇಗೆ ಮತ ಹಾಕಿದರು? ಒಂದಾಗುವ ಪ್ರಯತ್ನ ಅಂದರೆ ನೆಲದ ಮೇಲೆ ನಿಜವಾಗಿ ಏನೇನು ಮಾಡಿದರು? ಹೋಲಿಕೆಗೆ ಇನ್ನೊಂದೆರಡು ಉದಾಹರಣೆಯೂ ಬೇಕು. ನಮ್ಮ ಕರ್ನಾಟಕ ಏಕೀಕರಣವನ್ನು ಪಕ್ಕಕ್ಕಿಟ್ಟು ನೋಡಬಹುದಾ, ಅಥವಾ ಗೈಡ್ ಹತ್ತಿರ ಬೈಸಿಕೊಳ್ಳಬೇಕಾಗುತ್ತಾ?

ಕೋಟೆ_ಕೆಳಗೆ (ಚಿತ್ರದುರ್ಗ)

1991ರಿಂದ ಶುರು ಮಾಡಿದರೆ ಅರ್ಧ ಕಥೆ ಕೈಬಿಟ್ಟು ಹೋಗುತ್ತದೆ. 1972ರಿಂದ ಹಿಡಿಯಿರಿ.

ಆ ವರ್ಷದ ಅಡಿಸ್ ಅಬಾಬ ಒಪ್ಪಂದದಿಂದ ದಕ್ಷಿಣಕ್ಕೆ ಜುಬಾದಲ್ಲಿ ಒಂದೇ ಪ್ರಾಂತ ಸರ್ಕಾರ ಬಂತು. ಬಂದ ಕೂಡಲೇ ದಕ್ಷಿಣದ ತುದಿಯ ಈಕ್ವಟೋರಿಯಾ ಸೀಮೆಯವರ ದೂರು: ಕುರ್ಚಿ, ನೌಕರಿ ಎಲ್ಲ ಡಿಂಕಾಗಳ ಪಾಲಾಗುತ್ತಿದೆ. ಪ್ರಾಂತವನ್ನೇ ಪಾಲು ಮಾಡಿ ಎಂದು ಎದ್ದ ಬೇಡಿಕೆಗೆ ಅಲ್ಲಿನ 'ಬಾರಿ' ಜನರ ಭಾಷೆಯಲ್ಲಿ 'ಕೊಕೊರಾ' ಎನ್ನುತ್ತಾರೆ. ಹಂಚುವುದು ಅಂತಲೇ ಅರ್ಥ. 1983ರ ಜೂನ್‌ನಲ್ಲಿ ಅಧ್ಯಕ್ಷ ನಿಮೇರಿ ದಕ್ಷಿಣವನ್ನು ಮೂರು ಹೋಳು ಮಾಡಿದ. ಒಪ್ಪಂದ ಮುರಿದದ್ದು ಅವನೇ ಹೌದು, ಆದರೆ ಕೊಡಲಿಗೆ ಕಾವು ಕೊಟ್ಟವರು ದಕ್ಷಿಣದವರೇ. ಈ ಭಾಗ ನಿಮ್ಮ ಮೊದಲ ಅಧ್ಯಾಯವಾಗಲಿ.

ಅದೇ ವರ್ಷ ಹುಟ್ಟಿದ ಎಸ್‌ಪಿಎಲ್‌ಎ ಮೊದಲಿಗೆ ಪ್ರತ್ಯೇಕತಾವಾದಿ ಸಂಘಟನೆಯೇ ಅಲ್ಲ. ಅದರ ನಾಯಕ, ಡಿಂಕಾ ಜನದ ಜಾನ್ ಗರಾಂಗ್ ಬಾಯಲ್ಲಿ ಇದ್ದದ್ದು 'ಹೊಸ ಸುಡಾನ್', ಅಂದರೆ ಒಂದೇ ದೇಶ. ಅವರಿಗೆ ನೆಲೆ, ಆಯುಧ ಕೊಡುತ್ತಿದ್ದವನು ಇಥಿಯೋಪಿಯಾದ ಮೆಂಗಿಸ್ತು. ಅವನ ಮನೆಯಲ್ಲೇ ಎರಿಟ್ರಿಯಾ ಬೆಂಕಿ ಹೊತ್ತಿತ್ತು, ಬೇರೆಯಾಗುವ ಮಾತು ಅವನಿಗೆ ಆಗುತ್ತಿರಲಿಲ್ಲ. ಬೇರೆಯೇ ಆಗಬೇಕು ಅಂದ ಇನ್ನೊಂದು ಬಂಡಾಯ ಪಡೆ, ಎರಡನೇ ಅನ್ಯಾನ್ಯಾದಲ್ಲಿ ನುಯೆರ್‌ಗಳು ಹೆಚ್ಚಿದ್ದರು. ಹೀಗೆ ಗುರಿಯ ಜಗಳ ಮತ್ತು ಬುಡಕಟ್ಟಿನ ಗೆರೆ ಒಂದರ ಮೇಲೊಂದು ಕೂತವು. ಮುಂದೆ ಯಾವುದು ಯಾವುದು ಅಂತ ಬಿಡಿಸಲು ಯಾರಿಗೂ ಬರಲಿಲ್ಲ.

1991ರ ಮೇ ತಿಂಗಳಲ್ಲಿ ಮೆಂಗಿಸ್ತು ಬಿದ್ದ, ನೆಲೆಗಳು ಹೋದವು. ಆಗಸ್ಟ್ 28ಕ್ಕೆ ನಾಸಿರ್ ಎಂಬ ಊರಿನಲ್ಲಿ ಎಸ್‌ಪಿಎಲ್‌ಎಯದೇ ದಂಡನಾಯಕರಾದ ರೀಕ್ ಮಚಾರ್ (ನುಯೆರ್), ಲಾಮ್ ಅಕೋಲ್, ಗಾರ್ಡನ್ ಕೊಂಗ್ ಸೇರಿ ಗರಾಂಗರನ್ನು ಕೆಳಗಿಳಿಸಿದೆವು ಎಂದು ಘೋಷಿಸಿದರು. ಅವರ ದೂರು ಪೊಳ್ಳಲ್ಲ: ಎಲ್ಲ ಒಬ್ಬನ ಕೈಯಲ್ಲಿ, ಎದುರಾಡಿದವರು ಬಂಧನದಲ್ಲಿ, ಎಂಟು ವರ್ಷವಾದರೂ ಒಂದು ಅಧಿವೇಶನ ಇಲ್ಲ. (ಮೊದಲ ಅಧಿವೇಶನ ಚುಕುಡುಮ್‌ನಲ್ಲಿ ನಡೆದದ್ದು 1994ರ ಏಪ್ರಿಲ್‌ನಲ್ಲಿ.) ಆದರೆ ನವೆಂಬರ್‌ನಲ್ಲಿ ನಾಸಿರ್ ಬಣದ ಪಡೆ ಬೋರ್ ಮೇಲೆ ಬಿದ್ದು ಡಿಂಕಾ ನಾಗರಿಕರನ್ನು ಕೊಂದಿತು. ಆಮ್ನೆಸ್ಟಿ ಲೆಕ್ಕದಲ್ಲೇ ಕನಿಷ್ಠ 2,000. ಅಲ್ಲಿಗೆ ಆ ದೂರುಗಳನ್ನು ಕೇಳುವವರು ಯಾರೂ ಉಳಿಯಲಿಲ್ಲ. ಸ್ವಾತಂತ್ರ್ಯ ಬೇಕು ಅಂದ ಬಣವೇ ಖಾರ್ಟೂಮ್‌ನಿಂದ, ಅಂದರೆ ಸುಡಾನ್ ಸರ್ಕಾರದಿಂದ, ಆಯುಧ ತರಿಸಿಕೊಂಡದ್ದು ಇನ್ನೊಂದು ವಿಪರ್ಯಾಸ.

'ಹಳೇ ದ್ವೇಷ' ಎನ್ನುವವರಿಗೆ ಒಂದು ಪ್ರಶ್ನೆ ಹಾಕಿ: 1993–94ರಲ್ಲಿ ಲೌ ನುಯೆರ್ ಮತ್ತು ಜಿಕಾನಿ ನುಯೆರ್ ಪರಸ್ಪರ ಹೊಡೆದಾಡಿದ್ದೇಕೆ? ಎಣ್ಣೆ ಸಿಕ್ಕ ಸೀಮೆಯಲ್ಲಿ ಪೌಲಿನೊ ಮತೀಪ್ ಎಂಬ ದಂಡನಾಯಕ ಮತ್ತು ಮಚಾರ್ ಕಡೆಯವರು, ಇಬ್ಬರೂ ನುಯೆರ್, ಕಚ್ಚಾಡಿದ್ದೇಕೆ? ದಂಡನಾಯಕ, ಅವನ ಕೋವಿ, ಅವನ ಮೇವಿನ ನೆಲ, ಈ ಮೂರನ್ನು ಜೋಡಿಸಿದರೆ ಉತ್ತರ ಸಿಗುತ್ತದೆ.

ಈಗ ಒಂದಾಗುವ ಪ್ರಯತ್ನ. ಡಿಂಕಾ–ನುಯೆರ್ ರಾಜಿ ಸಭೆ ನಡೆದ ವುನ್‌ಲಿಟ್ ಬಗ್ಗೆ ಪೂರ್ತಿ ಒಂದು ಅಧ್ಯಾಯ ಬರೆಯಿರಿ, ಅಷ್ಟು ಸರಕಿದೆ.

1998ರ ಜೂನ್‌ನಲ್ಲಿ ಹೊಸ ಸುಡಾನ್ ಚರ್ಚುಗಳ ಮಂಡಳಿ ಎರಡೂ ಕಡೆಯ ಯಜಮಾನರನ್ನು ಕೀನ್ಯಾದ ಲೊಕಿಚೊಗ್ಗಿಯೊದಲ್ಲಿ ಕೂರಿಸಿತು. ಸೇನಾ ನಾಯಕರನ್ನಲ್ಲ, ಊರ ಯಜಮಾನರನ್ನು. ಆಮೇಲೆ ಅವರು ಇವರ ಊರಿಗೆ, ಇವರು ಅವರ ಊರಿಗೆ ಹೋಗಿ ಬಂದರು. ಜೀವದ ಮೇಲೆ ಆಸೆ ಇರುವವನು ಮಾಡುವ ಕೆಲಸವಲ್ಲ ಅದು, ಆದ್ದರಿಂದಲೇ ನಂಬಿಕೆ ಹುಟ್ಟಿತು. 1999ರ ಫೆಬ್ರವರಿ 27ರಿಂದ ಮಾರ್ಚ್ 8ರವರೆಗೆ ಡಿಂಕಾ ನೆಲದ ವುನ್‌ಲಿಟ್‌ನಲ್ಲಿ ಸಭೆ. ಮೊದಲು 'ಮಾಬಿಯೊರ್' ಎಂಬ ಬಿಳಿ ಹೋರಿಯ ಬಲಿ, ಇನ್ನು ಮುಂದೆ ಆಣೆ ಮುರಿದವನ ಗತಿಯೂ ಇದೇ ಅಂತ. (ಗರಾಂಗರ ತಂದೆಯ ಹೆಸರೂ ಮಾಬಿಯೊರ್. ಹೋರಿಯ ಬಣ್ಣವೇ ಮನುಷ್ಯನ ಹೆಸರಾಗುವ ಸೀಮೆ ಅದು. ಚಳ್ಳಕೆರೆ ಕಡೆ ಮ್ಯಾಸಬೇಡರ ದೇವರೆತ್ತುಗಳನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.) ನಂತರ ಒಂದು ಕಡೆಯವರು ತಮ್ಮ ಸತ್ತವರು, ಸುಟ್ಟ ಮನೆ, ಹೊಡೆದುಕೊಂಡು ಹೋದ ದನ ಎಲ್ಲ ಹೇಳಿ ಮುಗಿಸುವವರೆಗೆ ಇನ್ನೊಂದು ಕಡೆಯವರು ಕೇಳಬೇಕು. ಆಮೇಲೆ ಸರದಿ ಬದಲು. ಅದಾದ ಮೇಲೇ ಗುಂಪುಗಳಾಗಿ ಕೂತು ಇತ್ಯರ್ಥ: ಕಾಣೆಯಾದವರು, ಅಪಹರಿಸಿದ ಹೆಂಗಸರು ಮಕ್ಕಳು, ಪಾಳುಬಿದ್ದ ಗಡಿ ನೆಲ, ಗಡಿ ಕಾವಲು.

ಗಮನಿಸಬೇಕಾದ ತೀರ್ಮಾನ: ಹಿಂದಿನ ಕೊಲೆ, ದನಗಳ್ಳತನಕ್ಕೆಲ್ಲ ಕ್ಷಮೆ, ಹಳೇ ಲೆಕ್ಕ ತೆಗೆಯುವಂತಿಲ್ಲ. ಅಪಹರಿಸಿದವರನ್ನು ಮಾತ್ರ ಬಿಡಲೇಬೇಕು. ಬೇಸಿಗೆಯಲ್ಲಿ ಹೊಳೆ ಬಯಲಿನ ಮೇವು, ನೀರು, ಮೀನು ಇಬ್ಬರಿಗೂ ಮುಕ್ತ. ಅಷ್ಟು ದನದ ಲೆಕ್ಕ ತೆಗೆದಿದ್ದರೆ ಸಭೆ ಇವತ್ತಿಗೂ ಮುಗಿಯುತ್ತಿರಲಿಲ್ಲ.

ಆ ಗಡಿಯಲ್ಲಿ ದಾಳಿ ತಗ್ಗಿತು. ಆದರೆ ವುನ್‌ಲಿಟ್ ನೈಲ್‌ನ ಪಶ್ಚಿಮ ದಂಡೆಯ ರಾಜಿ. ಬೋರ್ ಇರುವುದು ಪೂರ್ವ ದಂಡೆಯಲ್ಲಿ, ಅಂದರೆ ದೊಡ್ಡ ಗಾಯ ಆ ಸಭೆಯೊಳಗೆ ಬರಲೇ ಇಲ್ಲ. 2002ರ ಜನವರಿಯಲ್ಲಿ ನೈರೋಬಿಯಲ್ಲಿ ಗರಾಂಗ್ ಮತ್ತು ಮಚಾರ್ ಕೂಡಿದ್ದು ನಾಯಕರ ನಡುವಿನ ರಾಜಿ, ಅಲ್ಲಿ ಯಾರ ಸತ್ತವರ ಹೆಸರೂ ಎದ್ದ ಹಾಗಿಲ್ಲ. 2006ರ ಜುಬಾ ಘೋಷಣೆಯಲ್ಲಿ ಮತೀಪ್‌ನ ಪಡೆಯನ್ನು ಸೈನ್ಯಕ್ಕೆ ಸೇರಿಸಿದರು. ಸೇರಿಸಿದ್ದು ಸಂಬಳದ ಪಟ್ಟಿಗೆ. ತುಕಡಿಗಳು ತಮ್ಮ ತಮ್ಮ ದಂಡನಾಯಕನ ಮಾತನ್ನೇ ಕೇಳುತ್ತಿದ್ದವು. 2013ರ ಜುಲೈನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ (ಡಿಂಕಾ) ಮಚಾರ್‌ರನ್ನು ಉಪಾಧ್ಯಕ್ಷ ಸ್ಥಾನದಿಂದ ತೆಗೆದರು, ಡಿಸೆಂಬರ್ 15ರ ರಾತ್ರಿ ಅಧ್ಯಕ್ಷರ ಕಾವಲು ಪಡೆಯೊಳಗೇ ಗುಂಡು ಹಾರಿತು. ಹೊಲಿಗೆ ಬಿಟ್ಟದ್ದು ಸರಿಯಾಗಿ ಹೊಲಿಯದ ಜಾಗದಲ್ಲೇ.

98.83ರ ಬಗ್ಗೆ: ಮತಚೀಟಿಯಲ್ಲಿ ಎರಡು ಚಿತ್ರ ಇದ್ದವು. ಬೇರೆಯಾಗಲು ಎತ್ತಿದ ಒಂದು ಕೈ, ಒಂದಾಗಿರಲು ಕುಲುಕುವ ಎರಡು ಕೈ. ಖಾರ್ಟೂಮ್ ಜೊತೆ ಇರಬೇಕಾ ಅಂತಷ್ಟೇ ಕೇಳಿದ್ದು. ಜುಬಾದಲ್ಲಿ ಯಾರು ಕೂರಬೇಕು ಅಂತ ಯಾರೂ ಕೇಳಲಿಲ್ಲ.

ಹೊಳೆದಂಡೆ (ಹರಿಹರ)

ಕೋಟೆ ಅಣ್ಣ ಹೇಳಿದ್ದಕ್ಕೆ ನಾಗಾ ಉದಾಹರಣೆ ಚೆನ್ನಾಗಿ ಕೂಡುತ್ತದೆ. ಭಾರತದ್ದೇ ಆದ್ದರಿಂದ ಗೈಡ್ ಕೂಡ ಒಪ್ಪುತ್ತಾರೆ.

ನಾಗಾ ಚಳವಳಿಯ ಹಳೇ ನಾಯಕ ಫಿಜೊ, ಅಂಗಾಮಿ ಬುಡಕಟ್ಟಿನವರು. 1980ರ ಜನವರಿ 31ರಂದು ಎನ್‌ಎಸ್‌ಸಿಎನ್ ಎಂಬ ಬಂಡಾಯ ಸಂಘಟನೆ ಕಟ್ಟಿದ ಮೂವರಲ್ಲಿ ಐಸಾಕ್ ಸ್ವು ಸೆಮಾ, ಮುಯಿವಾ ಮಣಿಪುರದ ತಾಂಗ್‌ಖುಲ್, ಖಾಪ್ಲಾಂಗ್ ಬರ್ಮಾ ಕಡೆಯ ಹೇಮಿ. ಮೂರು ಬುಡಕಟ್ಟು, ಎರಡು ದೇಶ. ಒಂದು ಬುಡಕಟ್ಟಿನ ಮಾತು ಇನ್ನೊಂದಕ್ಕೆ ತಿಳಿಯದು, ಸಂತೆಯ ಮಾತು ನಾಗಾಮೀಸ್, ಅದರ ಬುಡ ಅಸ್ಸಾಮಿ. ದಿಲ್ಲಿ ಜೊತೆ 1975ರ ಶಿಲ್ಲಾಂಗ್ ಒಪ್ಪಂದ ಮಾಡಿಕೊಂಡವರು ದ್ರೋಹಿಗಳು ಎಂದು ಹುಟ್ಟಿದ ಸಂಘಟನೆ 1988ರ ಏಪ್ರಿಲ್ 30ರಂದು ತಾನೇ ಒಡೆಯಿತು. ಐಸಾಕ್–ಮುಯಿವಾ ಗುಟ್ಟಾಗಿ ದಿಲ್ಲಿ ಜೊತೆ ಮಾತಾಡುತ್ತಿದ್ದಾರೆ ಅನ್ನುವ ಗುಮಾನಿ, ತಾಂಗ್‌ಖುಲ್‌ಗಳೇ ಮೇಲೆ ಕೂರುತ್ತಾರೆ ಅನ್ನುವ ಕೊರಗು, ಎರಡೂ ಸೇರಿ.

ಒಂದಾಗುವ ಪ್ರಯತ್ನಕ್ಕೆ 2008ರಲ್ಲಿ ಶುರುವಾದ ನಾಗಾ ರಾಜಿ ವೇದಿಕೆ ನೋಡಿ. ಇಲ್ಲೂ ಚರ್ಚಿನ ಜನರೇ ಮುಂದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸರಣಿ ಸಭೆ ಮಾಡಿದರು, ಕೊಹಿಮಾದಲ್ಲಿ ಬಣದವರನ್ನು ಫುಟ್‌ಬಾಲ್ ಆಡಲಿಕ್ಕೆ ಇಳಿಸಿದರು. 2009ರ ಜೂನ್ 13ರಂದು ಐಸಾಕ್ ಸ್ವು, ಖಾಪ್ಲಾಂಗ್, ಫಿಜೊ ನಡೆಸಿದ್ದ ಹಳೇ ಸಂಘಟನೆ ಎನ್‌ಎನ್‌ಸಿ ಕಡೆಯ ಸಿಂಗ್ನ್ಯಾ ಒಂದೇ ಕಾಗದಕ್ಕೆ ಸಹಿ ಹಾಕಿದರು. ಬಣಗಳ ನಡುವಿನ ಕೊಲೆ ಜೋರಾಗಿ ಇಳಿಯಿತು.

ಬಗೆಹರಿಯದೇ ಉಳಿದದ್ದು ವಸೂಲಿ. ಬಣ ಎಷ್ಟೋ ಅಷ್ಟು 'ಸರ್ಕಾರ', ಅಷ್ಟು 'ತೆರಿಗೆ'. 2013ರಲ್ಲಿ ದಿಮಾಪುರದ ವರ್ತಕರು, ಜನಸಾಮಾನ್ಯರು 'ಒಂದೇ ಸರ್ಕಾರ, ಒಂದೇ ತೆರಿಗೆ' ಎಂದು ಬೀದಿಗಿಳಿದರು. ಇಬ್ಬರು ಕೂಡಿದರೆ ಒಬ್ಬನ ಆದಾಯ ನಿಲ್ಲುತ್ತದೆ. ಒಗ್ಗಟ್ಟಿನ ಲೆಕ್ಕದಲ್ಲಿ ಈ ಸಾಲು ಬರೆಯದಿದ್ದರೆ ಪ್ರಬಂಧ ಬರೀ ಭಾಷಣವಾಗುತ್ತದೆ. 2015ರ ಆಗಸ್ಟ್ 3ರ ಚೌಕಟ್ಟಿನ ಒಪ್ಪಂದ ಐಸಾಕ್–ಮುಯಿವಾ ಬಣದ ಜೊತೆ, 2017ರ ನವೆಂಬರ್‌ನ ಇನ್ನೊಂದು ಕಾಗದ ಉಳಿದ ಬಣಗಳ ಕೂಟದ ಜೊತೆ. ದಿಲ್ಲಿಗೂ ಎರಡು ಕಡತ ಇಟ್ಟುಕೊಳ್ಳುವುದೇ ಅನುಕೂಲ.

ಇನ್ನೂ ಒಂದು ಪದರ: ಮೋನ್, ತ್ಯುಯೆನ್‌ಸಾಂಗ್ ಮೊದಲಾದ ಪೂರ್ವದ ಜಿಲ್ಲೆಗಳವರು ಕೊಹಿಮಾದವರು ನಮ್ಮನ್ನು ಹಿಂದಿಟ್ಟರು ಎಂದು ತಮಗೇ ಪ್ರತ್ಯೇಕ ವ್ಯವಸ್ಥೆ ಕೇಳುತ್ತಾ ಬಂದವರು. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಆರು ಜಿಲ್ಲೆಗಳ ಮತಗಟ್ಟೆಗಳು ಖಾಲಿ ಹೊಡೆದವು. ಕೊಕೊರಾ ಕಥೆಯೇ, ಬೇರೆ ಮಲೆಯಲ್ಲಿ.

ಗಡಿಯಾರ_ಕಂಬ (ದಾವಣಗೆರೆ)

ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಯಾಫ್ರಾ ಬಿಡಬೇಡಿ, ಎರಡು ಪುಟದಲ್ಲಿ ಮುಗಿಯುತ್ತದೆ. ಅದನ್ನು ಎಲ್ಲರೂ ಇಗ್ಬೊಗಳ ದೇಶ ಅಂತಲೇ ಬರೆಯುತ್ತಾರೆ. ಪೂರ್ವ ಪ್ರಾಂತದಲ್ಲಿ ಇಜಾ, ಇಬಿಬಿಯೊ, ಎಫಿಕ್, ಒಗೋನಿ ಜನ ಇದ್ದರು, ಎಣ್ಣೆಯ ಬಹುಪಾಲು ಇದ್ದದ್ದೂ ಇಂಥ ಅಲ್ಪಸಂಖ್ಯಾತರ ನೆಲದಲ್ಲೇ. ಬಯಾಫ್ರಾದ ನಾಯಕ ಒಜುಕ್ವು 1967ರ ಮೇ 30ಕ್ಕೆ ಸ್ವಾತಂತ್ರ್ಯ ಸಾರುವುದಕ್ಕೆ ಮೂರೇ ದಿನ ಮೊದಲು, 27ಕ್ಕೆ, ದೇಶ ಆಳುತ್ತಿದ್ದ ಗೋವನ್ ನೈಜೀರಿಯಾವನ್ನು 12 ರಾಜ್ಯ ಮಾಡಿದ. ಪೂರ್ವದಲ್ಲಿ ಮೂರು, ಅದರಲ್ಲಿ ಎರಡು ಅಲ್ಪಸಂಖ್ಯಾತರಿಗೆ. ಒಂದು ಗುಂಡು ಹಾರುವ ಮೊದಲೇ ಅರ್ಧ ಯುದ್ಧ ಗೆದ್ದ. ಇಜಾ ನಾಯಕ ಐಸಾಕ್ ಬೊರೊ ಫೆಡರಲ್ ಸೇನೆ ಸೇರಿ ಬಯಾಫ್ರಾ ವಿರುದ್ಧ ಕಾದಾಡಿ 1968ರಲ್ಲಿ ಸತ್ತ.

ಬಯಾಫ್ರಾದಲ್ಲಿ ಸೋಲು ಹೆಚ್ಚಿದ ಹಾಗೆ 'ವಿಧ್ವಂಸಕ' ಅನ್ನುವ ಪಟ್ಟ ಕಟ್ಟುವುದೂ ಹೆಚ್ಚಿತು, ಗುಮಾನಿ ಮೊದಲು ಬೀಳುತ್ತಿದ್ದದ್ದು ಅಲ್ಪಸಂಖ್ಯಾತರ ಮೇಲೆ. ಕೊನೆಗೆ 1970ರ ಜನವರಿಯಲ್ಲಿ ಶರಣಾಗತಿಗೆ ಸಹಿ ಹಾಕಲು ಉಳಿದವನು ಫಿಲಿಪ್ ಎಫಿಯೊಂಗ್. ಅವನೂ ಇಬಿಬಿಯೊ.

ಒಂದು ತಕರಾರು: ಕೋಟೆಯವರು ಖಾರ್ಟೂಮ್ ಪಾತ್ರವನ್ನು ಒಂದೇ ವಾಕ್ಯಕ್ಕೆ ಇಳಿಸಿದರು. ಒಡೆದವರಿಗೆ ಮದ್ದುಗುಂಡು ಕೊಟ್ಟವರ ಲೆಕ್ಕವೂ ಬೇಕು. 1997ರಲ್ಲಿ ಮಚಾರ್ ಜೊತೆ ಶಾಂತಿ ಒಪ್ಪಂದ ಅಂತ ಮಾಡಿಕೊಂಡು ಅದೇ ಹೊತ್ತಿಗೆ ಮತೀಪ್‌ಗೂ ಆಯುಧ ಕೊಟ್ಟ ಸರ್ಕಾರ ಅದು.

ಕೋಟೆ_ಕೆಳಗೆ (ಚಿತ್ರದುರ್ಗ)

ತಕರಾರು ಒಪ್ಪಿದೆ. ಆದರೂ ಬೆಂಕಿಕಡ್ಡಿ ಗೀರಿದವನ ಬಗ್ಗೆ ಬರೆಯುವಾಗ ಹುಲ್ಲು ಯಾಕೆ ಒಣಗಿತ್ತು ಅನ್ನುವುದು ಬಿಟ್ಟುಹೋಗಬಾರದು.

ಮಠದ_ಕುರುಬರಹಟ್ಟಿ (ಚಿತ್ರದುರ್ಗ)

ಏಕೀಕರಣದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ನೇರ ಹೋಲಿಕೆ ಬೇಡ. ಅದು ಕೂಡುವ ಚಳವಳಿ, ಭಾರತದೊಳಗೇ, ಕೋವಿ ಇಲ್ಲದೆ ನಡೆದದ್ದು. ಆದರೆ ಭಯದ ಗಣಿತ ಒಂದೇ: ಕೂಡಿದ ಮೇಲೆ ನಮ್ಮ ಪಾಲು ಎಷ್ಟಕ್ಕಿಳಿಯುತ್ತದೆ? ಹಳೇ ಮೈಸೂರಿನಲ್ಲಿ ವಿರೋಧ ಎದ್ದದ್ದರ ಹಿಂದೆ ಲಿಂಗಾಯತ–ಒಕ್ಕಲಿಗ ಲೆಕ್ಕವೂ ಇತ್ತು. 1955ರ ರಾಜ್ಯ ಪುನರ್ವಿಂಗಡಣಾ ಆಯೋಗ ಇದನ್ನು ಮುಚ್ಚಿಡದೆ ಬರೆಯಿತು: ಕೂಡಿದ ರಾಜ್ಯದಲ್ಲಿ ಲಿಂಗಾಯತರು 20%ಗಿಂತ ತುಸು ಹೆಚ್ಚು, ಒಕ್ಕಲಿಗರು 13–14%, ಹರಿಜನರು 17–18%. ಆದ್ದರಿಂದ ಯಾರೂ ಒಬ್ಬರೇ ಮೇಲಾಗಲಾರರು ಅನ್ನುವುದು ಅವರ ವಾದ. ಅಂಕಿ ಸರಿಯೋ ತಪ್ಪೋ, ಭಯವನ್ನು ಮೇಜಿನ ಮೇಲಿಟ್ಟರು. ತಮ್ಮ ಸಮುದಾಯದವರೇ ಎದುರಿದ್ದಾಗ ಕೆಂಗಲ್ ಹನುಮಂತಯ್ಯ ಏಕೀಕರಣದ ಪರ ನಿಂತರು. 1956ರ ನವೆಂಬರ್ 1ಕ್ಕೆ ಕುರ್ಚಿ ಏರಿದವರು ನಮ್ಮ ದುರ್ಗದ ವಕೀಲರು, ನಿಜಲಿಂಗಪ್ಪ.

ಹರಪನಹಳ್ಳಿಯನ್ನು ಅಡಿಟಿಪ್ಪಣಿಯಲ್ಲಾದರೂ ಸೇರಿಸಿ. ಮದ್ರಾಸಿನಿಂದ 1953ರಲ್ಲಿ ಮೈಸೂರಿಗೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಸಂವಿಧಾನದ 371ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ಕೊಟ್ಟ ಸವಲತ್ತಿನ ಲೆಕ್ಕದಲ್ಲಿ ಬಳ್ಳಾರಿಗೆ ವಾಪಸ್, ಈಗ ವಿಜಯನಗರ. ನಾಗಾಲ್ಯಾಂಡಿಗೆ 371ಎ ಇದೆ. ಅಪನಂಬಿಕೆಗೆ ಕಾನೂನು ಕಟ್ಟಿದ ಬೇಲಿಗಳು ಎಂದು ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡಬಹುದು.

ತೋಳಹುಣಸೆ_ಪಿಜಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ, ಅಧ್ಯಾಯಗಳೇ ಸಿಕ್ಕಂತಾಯಿತು. ಕೋಟೆ ಸರ್, ಒಂದೇ ಸಂದೇಹ. ವುನ್‌ಲಿಟ್‌ನಲ್ಲಿ ಅಪಹರಿಸಿದ ಹೆಂಗಸರನ್ನು ಬಿಡಬೇಕು ಅಂದರು. ಅಷ್ಟರಲ್ಲಿ ಅಲ್ಲೇ ಮಕ್ಕಳಾಗಿದ್ದವರ ಗತಿ?

ಕೋಟೆ_ಕೆಳಗೆ (ಚಿತ್ರದುರ್ಗ)

ತೆರ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ತವರಿಗೆ ಕೊಡುವುದು. ನಮ್ಮ ಕಡೆ ಹಿಂದೆ ಇದ್ದ ಹಾಗೆಯೇ, ಅಲ್ಲಿ ದನದ ಲೆಕ್ಕದಲ್ಲಿ. ಇಬ್ಬರ ಪದ್ಧತಿಯಲ್ಲೂ ಮಗು ಯಾರ ಕುಲಕ್ಕೆ ಅನ್ನುವುದನ್ನು ತೀರ್ಮಾನಿಸುವುದು ಹೆಣ್ಣಿನ ತವರಿಗೆ ದನ ಸಂದಿದೆಯೇ ಅನ್ನುವುದು. ದನ ಸಲ್ಲಿಸಿದರೆ ಅಪಹರಣ ಮದುವೆಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ಮಕ್ಕಳ ಮೇಲೆ ತಂದೆಗೆ ಹಕ್ಕಿಲ್ಲ. ಎರಡೂ ಕಡೆಯ ಯಜಮಾನರಿಗೆ ಒಂದೇ ಕಾನೂನು ಗೊತ್ತಿತ್ತು, ಆದ್ದರಿಂದ ಹೊರಗಿನ ವಕೀಲ ಬೇಕಾಗಲಿಲ್ಲ. ತೊಡಕು ಇದ್ದದ್ದು ಬೇರೆ ಕಡೆ: ತೆರಕ್ಕೆ ಕೊಡುವ ದನ ಯಾರದ್ದು? ಹಿಂದಿನ ದಾಳಿಯಲ್ಲಿ ಆ ಹೆಣ್ಣಿನ ತವರಿನ ದೊಡ್ಡಿಯಿಂದಲೇ ಹೊಡೆದುಕೊಂಡು ಬಂದದ್ದಾದರೆ? ಹಳೇ ದನದ ಲೆಕ್ಕ ಕೇಳುವಂತಿಲ್ಲ ಎಂಬ ಕ್ಷಮೆ, ತೆರ ಕೊಡಲೇಬೇಕು ಎಂಬ ಪದ್ಧತಿ, ಎರಡೂ ಒಂದೇ ದೊಡ್ಡಿಯ ಬಾಗಿಲಲ್ಲಿ ಎದುರಾಗುತ್ತವೆ. ಇದಕ್ಕೆ ಒಂದು ಉಪಶೀರ್ಷಿಕೆ ಕೊಡಿ. ಮೌಖಿಕ ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ.