ಫೆಡೋರಾ ಕೆವಿಎಂ: ಶೇರ್ ಫೋಲ್ಡರ್ ಮೌಂಟ್ ಆಗುತ್ತದೆ, ತೆರೆದರೆ 'ಪರ್ಮಿಷನ್ ಡಿನೈಡ್'

ಪ್ರಶ್ನೆ
ನಮಸ್ಕಾರ. ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಮಶೀನ್, ಅಂದರೆ ವಿಎಂ, ಓಡಿಸುವ ವ್ಯವಸ್ಥೆ) ಬಳಸುತ್ತಿದ್ದೇನೆ. ಹೋಸ್ಟ್ (ನಿಜವಾದ ಕಂಪ್ಯೂಟರ್) ಫೆಡೋರಾ, ಗೆಸ್ಟ್ (ಅದರೊಳಗೆ ಓಡುವ ವಿಎಂ) ಡೆಬಿಯನ್. ಹೋಸ್ಟಿನ ರೂಟ್‌ನಲ್ಲಿ '/ಶೇರ್' ಅಂತ ಫೋಲ್ಡರ್ ಮಾಡಿ, ವರ್ಟ್-ಮ್ಯಾನೇಜರ್‌ನಲ್ಲಿ (ವಿಎಂ ನೋಡಿಕೊಳ್ಳುವ ಪ್ರೋಗ್ರಾಮ್) 9ಪಿ (ಹೋಸ್ಟಿನ ಫೋಲ್ಡರ್ ಹಂಚುವ ವಿಧಾನ) ಮೂಲಕ ಗೆಸ್ಟ್‌ಗೆ ಕೊಟ್ಟಿದ್ದೇನೆ. ಮೌಂಟ್ ಆಗುತ್ತದೆ, ಎಲ್‌ಎಸ್ ಕೊಟ್ಟರೆ ಪರ್ಮಿಷನ್ ಡಿನೈಡ್. 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಟ್ಟರೂ ಅಷ್ಟೇ. 'ಸೆಟ್‌ಎನ್‌ಫೋರ್ಸ್ 0' ಕೊಟ್ಟ ತಕ್ಷಣ ಸರಿಯಾಗುತ್ತದೆ. ಅಂದರೆ ತಡೆಯುತ್ತಿರುವುದು ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಮ್ ಯಾವ ಫೈಲ್ ಮುಟ್ಟಬಹುದು ಅಂತ ಲೇಬಲ್ ನೋಡಿ ನಿರ್ಧರಿಸುವ ಭದ್ರತೆ). ಅದನ್ನು ಆಫ್ ಮಾಡಿಬಿಡಲಾ?

ಉತ್ತರ
ದಯವಿಟ್ಟು ಆಫ್ ಮಾಡಬೇಡಿ. ಗೆಸ್ಟ್ ಒಳಗಿಂದ ಯಾರಾದರೂ ಕ್ಯೂಎಮುವನ್ನು (ವಿಎಂ ಓಡಿಸುವ ಪ್ರೋಗ್ರಾಮ್) ಮುರಿದು ಹೊರಬಂದರೆ ನಿಮ್ಮ ಹೋಸ್ಟನ್ನು ಕಾಯುವುದು ಇದೇ. ಸಮಸ್ಯೆ ಫೋಲ್ಡರ್‌ನ ಎಸ್‌ಇಲಿನಕ್ಸ್ ಲೇಬಲ್‌ದು. ಅದು ಏನನ್ನು ತಡೆಯಿತು ಅಂತ ನೋಡಲು 'ಎಯುಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್' ಓಡಿಸಿ, ಏನು ಬರುತ್ತದೆ ಹಾಕಿ.

ಪ್ರಶ್ನೆ ಕೇಳಿದವರು
ಎಸ್‌ಕಾಂಟೆಕ್ಸ್ಟ್‌ನಲ್ಲಿ (ಮುಟ್ಟಲು ಹೋದ ಪ್ರೋಗ್ರಾಮ್‌ನ ಲೇಬಲ್) ಎಸ್‌ವರ್ಟ್_ಟಿ, ಕೊನೆಗೆ ಸಿ ಅಕ್ಷರದ ಎರಡು ನಂಬರ್. ಟಿಕಾಂಟೆಕ್ಸ್ಟ್‌ನಲ್ಲಿ (ಫೋಲ್ಡರ್‌ನ ಲೇಬಲ್) ಡೀಫಾಲ್ಟ್_ಟಿ. ಆದರೆ ಡಿಸ್ಕ್ ಇಮೇಜ್‌ಗೆ ಈ ತೊಂದರೆ ಯಾಕಿಲ್ಲ?

ಉತ್ತರ
ಒಳ್ಳೆ ಪ್ರಶ್ನೆ. ವಿಎಂ ಶುರುವಾದಾಗಲೆಲ್ಲ ಲಿಬ್‌ವರ್ಟ್ (ವರ್ಟ್-ಮ್ಯಾನೇಜರ್ ಹಿಂದೆ ವಿಎಂ ನಡೆಸುವ ಸಾಫ್ಟ್‌ವೇರ್) ಅದಕ್ಕೆ ಎರಡು ಕೆಟಗರಿ (ನೀವು ಕಂಡ ಸಿ ನಂಬರ್) ಆರಿಸುತ್ತದೆ, ಸಿ0ಯಿಂದ ಸಿ1023ರ ಒಳಗೆ. ಅದರ ಡಿಸ್ಕ್‌ಗೂ ಅವನ್ನೇ ಅಂಟಿಸುತ್ತದೆ. ಹಾಗಾಗಿ ಒಂದು ವಿಎಂ ಇನ್ನೊಂದರ ಡಿಸ್ಕ್ ಮುಟ್ಟಲಾಗುವುದಿಲ್ಲ. ಶೇರ್ ಫೋಲ್ಡರ್‌ನ ಲೇಬಲ್ ಮಾತ್ರ ಅದು ಬದಲಿಸುವುದಿಲ್ಲ, ಅದನ್ನು ನಾವೇ ಹಾಕಬೇಕು (ಮೊದಲ ಸಾಲು ನಿಯಮ ಬರೆಯುತ್ತದೆ, ಎರಡನೆಯದು ಅದನ್ನು ಫೋಲ್ಡರ್‌ಗೆ ಹಚ್ಚುತ್ತದೆ):

ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ -ಎ -ಟಿ ಎಸ್‌ವರ್ಟ್_ಇಮೇಜ್_ಟಿ "/ಶೇರ್(/.*)?"
ರಿಸ್ಟೋರ್‌ಕಾನ್ -ಆರ್‌ವಿ /ಶೇರ್

ಸಿಎಚ್‌ಕಾನ್‌ನಿಂದಲೂ (ನಿಯಮ ಬರೆಯದೆ ಲೇಬಲ್ ಮಾತ್ರ ಬದಲಿಸುವ ಕಮಾಂಡ್) ಆಗುತ್ತದೆ. ಆದರೆ ಮುಂದೆ ಇಡೀ ಸಿಸ್ಟಮ್‌ಗೆ ಮತ್ತೆ ಲೇಬಲ್ ಹಾಕಿದಾಗ ಅದು ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. 777 ಕೂಡ ತೆಗೆಯಿರಿ. ಕ್ಯೂಎಮು ಓಡುವುದು 'ಕ್ಯೂಎಮು' ಅನ್ನೋ ಯೂಸರ್ ಹೆಸರಲ್ಲಿ, ಫೋಲ್ಡರ್ ಅದಕ್ಕೆ ಕೊಟ್ಟರೆ ಸಾಕು.

ಪ್ರಶ್ನೆ ಕೇಳಿದವರು
ಕೆಲಸ ಮಾಡ್ತು! ಪರೀಕ್ಷೆಗೆ ಇಟ್ಟ ಇನ್ನೊಂದು ವಿಎಂ ಇದೆ, ಅದಕ್ಕೆ ಈ ಫೋಲ್ಡರ್ ಸಿಗಬಾರದು. ಆಗುತ್ತಾ?

ಇನ್ನೊಬ್ಬರ ಉತ್ತರ
ಆಗುತ್ತದೆ. ಈಗ ಫೋಲ್ಡರ್‌ನ ಮಟ್ಟ (ಲೇಬಲ್‌ನ ಕೊನೆಯ ಭಾಗ) ಬರೀ ಎಸ್0, ಕೆಟಗರಿ ಇಲ್ಲ, ಅಂದರೆ ಎಸ್‌ವರ್ಟ್_ಟಿಯಲ್ಲಿ ಓಡುವ ಎಲ್ಲ ವಿಎಂಗಳಿಗೂ ಎಸ್‌ಇಲಿನಕ್ಸ್ ಬಾಗಿಲು ತೆರೆದಿದೆ. ಫೋಲ್ಡರ್ ಬೇಕಾದ ವಿಎಂ ನಿಲ್ಲಿಸಿ, 'ವರ್ಶ್ ಎಡಿಟ್'ನಲ್ಲಿ (ವಿಎಂ ಸೆಟ್ಟಿಂಗ್ ತಿದ್ದುವ ಕಮಾಂಡ್) ಸೆಕ್‌ಲೇಬಲ್ (ವಿಎಂನ ಲೇಬಲ್ ಹೇಳುವ ಸಾಲು) ಟೈಪ್ 'ಸ್ಟ್ಯಾಟಿಕ್' ಮಾಡಿ, ಲೇಬಲ್ ಕೊನೆಗೆ ಎಸ್0:ಸಿ100,ಸಿ200 ಬರೆಯಿರಿ. ಜೊತೆಗೆ ರೀಲೇಬಲ್ 'ಯೆಸ್' ಇರಲೇಬೇಕು. ಸ್ಟ್ಯಾಟಿಕ್‌ನಲ್ಲಿ ಅದು ತಾನಾಗೇ 'ನೋ', ಆಗ ಡಿಸ್ಕ್‌ಗೆ ಲೇಬಲ್ ಬೀಳದೆ ವಿಎಂ ಏಳುವುದೇ ಇಲ್ಲ. ಆಮೇಲೆ ಸೆಮ್ಯಾನೇಜ್ ನಿಯಮವನ್ನು -ಎಂ ಕೊಟ್ಟು ತಿದ್ದಿ, -ಆರ್‌ನಲ್ಲಿ ಇದೇ ಮಟ್ಟ ಕೊಡಿ. ರಿಸ್ಟೋರ್‌ಕಾನ್‌ಗೆ ದೊಡ್ಡ ಎಫ್ ಸೇರಿಸಿ. ಅದಿಲ್ಲದಿದ್ದರೆ ಟೈಪ್ ಮಾತ್ರ ನೋಡುತ್ತದೆ, ಕೆಟಗರಿ ಬದಲಾಗುವುದಿಲ್ಲ. 'ಎಲ್‌ಎಸ್ -ಡಿಜೆಡ್ /ಶೇರ್'ನಲ್ಲಿ ಸಿ100,ಸಿ200 ಕಂಡರೆ ವಿಎಂ ಶುರು ಮಾಡಿ.